ಹೂಗೈಯವಳ ಆರು ಎಳೆಗಳು

ಆ ಬೀದಿಯಲ್ಲಿ ಗೋಡೆ ಗಡಿಯಾರ ನಿಂತುಹೋದರೆ ಯಾರೂ ಅದನ್ನು ಇಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. "ಕಹಳೆ ಇದ್ದಾನಲ್ಲ, ಗಡಿಯಾರ ಯಾಕೆ?" ಅನ್ನುತ್ತಿದ್ದರು. ಸಂಜೆ ಐದೂವರೆಗೆ ಬಣ್ಣದ ಕಾರ್ಖಾನೆಯಿಂದ ಪಾಳಿ ಮುಗಿಸಿ ಅವನು ಬೀದಿಯ ತಿರುವಿಗೆ ಬಂದನೆಂದರೆ ಅಲ್ಲಿಂದಲೇ ಒಂದು ಕೂಗು: "ಏ ಇವಳೇ, ಒಲೆ ಹಚ್ಚೇ!" ಅವನ ಮನೆ ತಿರುವಿನಿಂದ ಹದಿನಾಲ್ಕನೆಯದು. ನಡುವಿನ ಹದಿಮೂರು ಮನೆಯ ಹೆಂಗಸರೂ ಆ ಕೂಗಿಗೇ ಎದ್ದು ತಮ್ಮ ತಮ್ಮ ಒಲೆ ಹಚ್ಚುತ್ತಿದ್ದರು. "ಒಬ್ಬ ಗಂಡ ಕೂಗಿದ್ದಕ್ಕೆ ಹದಿನಾಲ್ಕು ಹೆಂಡಿರು ಏಳ್ತೀರಲ್ರೇ" ಎಂದು ಎದುರುಮನೆಯ ಮುದುಕಿ ನಗೆಯಾಡಿದರೆ, "ನೀವೂ ಎದ್ರಲ್ಲಜ್ಜಿ" ಎಂದು ಉತ್ತರ ಬರುತ್ತಿತ್ತು.

ಅವನ ಹೆಂಡತಿಯ ಬಗ್ಗೆ ಬೀದಿಯವರು ಹೇಳುತ್ತಿದ್ದದ್ದು ಬೇರೆಯೇ. "ಆ ಮನೆಗೆ ಬಾಯಿ ಹಂಚುವಾಗ ಇಬ್ಬರ ಪಾಲೂ ಅವನಿಗೇ ಬಿತ್ತು. ಅವಳ ಪಾಲಿಗೆ ಉಳಿದಿದ್ದು ಕೈ." ಮಕ್ಕಳ ಕಾಲಿಗೆ ಮುಳ್ಳು ಚುಚ್ಚಿದರೆ, ಯಾರ ಕಣ್ಣಿಗಾದರೂ ಕಸ ಬಿದ್ದರೆ ಅವಳ ಬಾಗಿಲಿಗೇ ಓಡುವುದು. ಮುಳ್ಳು ಅವಳ ಅಂಗೈ ಮೇಲೆ ಬಂದು ಕೂತ ಮೇಲೂ ಮಗು ಕಣ್ಣು ಮುಚ್ಚಿಕೊಂಡು, "ಇನ್ನೂ ಎಷ್ಟೊತ್ತು?" ಅನ್ನುತ್ತಿತ್ತು. ಹಾಗಾಗಿ ಅವಳಿಗೆ ಹೂಗೈ ಎಂದು ಹೆಸರು ಬಿತ್ತು. ಆಮೇಲೆ ಅವಳ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಆದರೆ ಬಾಗಿಲು ಹಾಕಿದ ಮೇಲೆ ಒಳಗೆ ಏನು ನಡೆಯುತ್ತಿತ್ತು ಅನ್ನುವುದು ಬೀದಿಗೆ ಗೊತ್ತಿರಲಿಲ್ಲ. ಒಳಗೆ ಮಾತಾಡುತ್ತಿದ್ದವಳು ಅವಳು, ಕೇಳುತ್ತಿದ್ದವನು ಅವನು. ಇಡೀ ದಿನ ಯಂತ್ರಗಳ ಗಲಾಟೆ ಮೀರುವಂತೆ, ಕಬ್ಬಿಣದ ಮೆಟ್ಟಿಲ ಮೇಲೆ ನಿಂತು ನಲವತ್ತು ಜನಕ್ಕೆ "ಎಳೀರಿ! ಬಿಡ್ರಿ! ನಿಲ್ಸ್ರಿ!" ಎಂದು ಕೂಗುವುದೇ ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವನು ಮನೆಗೆ ಬಂದು ಕೈಕಾಲು ತೊಳೆದು ಗೋಡೆಗೆ ಒರಗಿದರೆ ಅವನ ಬಾಯಲ್ಲಿ ಉಳಿದಿರುತ್ತಿದ್ದದ್ದು ಒಂದೇ ಮಾತು: "ನೀನು ಹೇಳು. ಇವತ್ತು ಯಾರು ಬಂದಿದ್ರು?"

ಅವಳು ಹೇಳುತ್ತಿದ್ದಳು. ಒಲೆಯ ಮುಂದೆ ಕೂತು, ಸೌಟನ್ನೇ ರೋಗಿಯ ಕೈ ಮಾಡಿ, ಕಣ್ಣು ಹೊರಳಿಸಿ, ದನಿ ಬದಲಿಸಿ ಹೇಳುತ್ತಿದ್ದಳು. ಮೂಲೆಯಲ್ಲಿ ಕೂತ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮದುವೆಯಾದಾಗಿನಿಂದ ಅವಳಿಗೆ ಅದೇ ದಿನದ ಒಳ್ಳೆಯ ಹೊತ್ತು.

ಅವಳ ಕೆಲಸ ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಸ್ವರ ಕೆಟ್ಟವರನ್ನು ನೋಡುವ ಕೋಣೆಯಲ್ಲಿ. ಕೂಗಿ ಕೂಗಿ ಗಂಟಲು ಒಡೆದವರು, ಕಾಯಿಲೆ ಬಿದ್ದೆದ್ದ ಮೇಲೆ ಪಿಸುದನಿಯಷ್ಟೇ ಉಳಿದವರು, ಒಂದು ಬೆಳಿಗ್ಗೆ ಎದ್ದಾಗ ಮಾತೇ ಹೊರಡದವರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರಿಗೆ ಗಂಟಲಿನೊಳಗೆ ಸ್ಪರ್ಶವೇ ಮಂದವಾಗಿರುತ್ತದೆ. ತನಗೆ ಏನು ತಾಗಿತೆಂದು ಗಂಟಲಿಗೇ ತಿಳಿಯದಿದ್ದರೆ ಸ್ವರವೂ ಹದ ತಪ್ಪುತ್ತದೆ, ಕುಡಿದ ನೀರೂ ದಾರಿ ತಪ್ಪುತ್ತದೆ. ಎಷ್ಟು ಮಂದವಾಗಿದೆ ಎಂದು ನೋಡುವುದು ಹೂಗೈಯ ಕೆಲಸ.

ಪೆನ್ಸಿಲ್‌ಗಿಂತ ಸಣ್ಣದಾದ ಒಂದು ಕೊಳವೆಯನ್ನು ಮೂಗಿನಿಂದ ಇಳಿಸುತ್ತಾರೆ. ಅದರ ತುದಿಯಲ್ಲಿ ದೀಪ, ಕಣ್ಣು ಎರಡೂ ಇವೆ. ಗಂಟಲ ಒಳಗಿನದೆಲ್ಲ ಪಕ್ಕದ ಪರದೆಯ ಮೇಲೆ ಕಾಣುತ್ತದೆ. ಆ ಕೊಳವೆಯೊಳಗಿಂದ ಅವಳು ಒಂದು ನೈಲಾನ್ ಎಳೆಯನ್ನು ತೂರಿಸಿ, ಸ್ವರತಂತುಗಳ ಹಿಂದಿನ ಪುಟ್ಟ ದಿಬ್ಬಕ್ಕೆ ಮೆಲ್ಲಗೆ ತಾಗಿಸುತ್ತಾಳೆ. ಎಳೆಗಳು ಆರು, ಒಂದಕ್ಕಿಂತ ಒಂದು ದಪ್ಪ. ಒಂದನೆಯದು ಹಸುಳೆಯ ಕೂದಲಿನ ಹಾಗೆ, ಆರನೆಯದು ಪೊರಕೆಯ ಕಡ್ಡಿಯ ಹಾಗೆ. ತಾಗಿದ್ದು ಗೊತ್ತಾದರೆ ರೋಗಿ ಬೆರಳು ಎತ್ತಬೇಕು. ಮೂಗಿಗೆ ಮಾತ್ರ ಮರಗಟ್ಟಿಸುವ ಹನಿ, ಗಂಟಲಿಗೆ ಏನೂ ಹಾಕುವ ಹಾಗಿಲ್ಲ. ಕೈ ಸ್ವಲ್ಪ ಅಲುಗಿದರೂ ರೋಗಿ ಓಕರಿಸುತ್ತಾನೆ, ಪರೀಕ್ಷೆ ಅಲ್ಲಿಗೇ ಕೆಡುತ್ತದೆ. ಹೂಗೈಯ ಕೈಯಲ್ಲಿ ವರ್ಷಕ್ಕೆ ಒಂದೂ ಕೆಡುತ್ತಿರಲಿಲ್ಲ.

"ಬೆರಳು ಸುಳ್ಳು ಹೇಳಿದ್ರೆ?" ಎಂದು ಗಂಡ ಒಮ್ಮೆ ಕೇಳಿದ್ದ.

"ಹೇಳ್ತಾವೆ. ನಡುವೆ ಒಂದ್ಸಲ ಮುಟ್ಟೋ ಹಾಗೆ ಮಾಡಿ ಮುಟ್ಟೋದೇ ಇಲ್ಲ. ಆಗಲೂ ಬೆರಳು ಎತ್ತಿದ್ರೆ ಸಿಕ್ಕಿಬಿದ್ದ ಅಂತ ಲೆಕ್ಕ."

"ಅಬ್ಬಾ, ಕಿಲಾಡಿ ಕಣೇ ನೀನು!"

ಆಸ್ಪತ್ರೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಕೋಣೆಯೊಳಗಿನದು ಹೊರಗೆ ಹೋಗಕೂಡದು. ಹೂಗೈ ಅದನ್ನು ತನ್ನದೇ ರೀತಿಯಲ್ಲಿ ಪಾಲಿಸುತ್ತಿದ್ದಳು. ಬಂದವನು ಬಸ್ ಕಂಡಕ್ಟರ್ ಆಗಿದ್ದರೆ ಮನೆಯಲ್ಲಿ ಅವನನ್ನು ಮೇಷ್ಟ್ರು ಮಾಡುತ್ತಿದ್ದಳು. ಸಣಕಲನಿಗೆ ಡೊಳ್ಳುಹೊಟ್ಟೆ ಅಂಟಿಸುತ್ತಿದ್ದಳು. ಅಷ್ಟಕ್ಕೇ ನಿಲ್ಲದೆ, ಕಥೆ ಕಟ್ಟುವವರ ಚಪಲ ನೋಡಿ, ಇಲ್ಲದ್ದನ್ನೂ ಒಂದಿಷ್ಟು ಸೇರಿಸುತ್ತಿದ್ದಳು. ಎರಡು ವರ್ಷದ ಹಿಂದೆ ಆ ‘ಮೇಷ್ಟ್ರ’ ಕಥೆ ಹೇಳುವಾಗ, "ಪಾಪ, ಒಂದು ತುತ್ತು ನುಂಗಬೇಕಾದ್ರೂ ಎಡಗಿವಿ ಒತ್ತಿ ಹಿಡ್ಕೋಬೇಕು ಅವರು, ಬಾಗಿಲ ಚಿಲಕ ಹಾಕಿದ ಹಾಗೆ" ಎಂದು ಕಿವಿ ಒತ್ತಿ ತೋರಿಸಿದ್ದಳು. ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂದಿತ್ತು. ಯಾವ ಕಂಡಕ್ಟರೂ ಯಾವ ಕಿವಿಯನ್ನೂ ಒತ್ತಿರಲಿಲ್ಲ. ಅದು ಅವಳ ಕೈಚಳಕ.

ಹೀಗಿರುವಾಗ ಕಾರ್ಖಾನೆಯಲ್ಲಿ ಅನಾಹುತವಾಯಿತು. ಬಟ್ಟೆ ಬಿಳುಪು ಮಾಡುವ ಕೋಣೆಯ ಕೊಳವೆಯೊಂದು ಒಡೆದು ಘಾಟಿನ ಹೊಗೆ ಎದ್ದಿತು. ಎಂಟು ಜನರ ಗಂಟಲು ಸುಟ್ಟಿತು. "ಓಡ್ರಿ!" ಎಂದು ಕೂಗಿ ಉಳಿದವರನ್ನು ಹೊರಗೆ ಅಟ್ಟಿದವನು ಕಹಳೆಯೇ. ಆ ಕೂಗಿನ ಜೊತೆಗೆ ಅವನ ಸ್ವರವೂ ಹೋಯಿತು.

ಬೀದಿ ಮರುಗಿತು. ಒಂದು ವಾರ ಯಾರ ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಅಡುಗೆ ಆಗಲಿಲ್ಲ. ಹೂಗೈ ಅವನಿಗೊಂದು ಸ್ಲೇಟು, ಬಳಪ ತಂದುಕೊಟ್ಟಳು. ಊಟವನ್ನು ಮೆತ್ತಗೆ ಬೇಯಿಸಿ ಅರೆದು ಕೊಟ್ಟಳು. ನೀರು ತೆಳ್ಳಗಿದ್ದರೆ ದಾರಿ ತಪ್ಪುತ್ತದೆ ಎಂದು ಅದಕ್ಕೆ ಆಸ್ಪತ್ರೆಯ ಪುಡಿ ಬೆರೆಸಿ ಗಟ್ಟಿ ಮಾಡಿ, ಚಮಚದಲ್ಲಿ ಕುಡಿಸಿದಳು. ಊಟವಾದ ಮೇಲೆ ಅವನು ಸ್ಲೇಟಿನ ಮೇಲೆ ಬರೆಯುತ್ತಿದ್ದ: ‘ನೀನು ಹೇಳು. ಇವತ್ತು ಯಾರು ಬಂದಿದ್ದರು?’ ಅದನ್ನು ಓದಿ ಮೊದಲ ದಿನ ಅವಳು ಅತ್ತಿದ್ದಳು. ಸ್ವರ ಹೋದರೂ ಅಭ್ಯಾಸ ಹೋಗಲಿಲ್ಲವಲ್ಲ ನನ್ನವನದು, ಎಂದು.

ಎಂಟರಲ್ಲಿ ಐವರ ಸ್ವರ ತಿಂಗಳೊಳಗೆ ಮರಳಿತು. ಆರನೆಯವನು ವಯಸ್ಸಾದವನು, ಕೆಲಸ ಬಿಟ್ಟು ಮಗಳ ಮನೆಗೆ ಹೋದ. ಉಳಿದವರು ಇಬ್ಬರು. ಒಬ್ಬ ಕಹಳೆ. ಇನ್ನೊಬ್ಬಳು ಎರಡು ಮನೆ ಆಚೆಯ ಬಣ್ಣದಕ್ಕ. ಬಣ್ಣದ ತೊಟ್ಟಿಯಲ್ಲಿ ಬಟ್ಟೆ ಅದ್ದುವ ಅವಳ ಕೈಗಳು ಮಣಿಕಟ್ಟಿನವರೆಗೂ ಸದಾ ನೀಲಿ. ವಯಸ್ಸಿನಲ್ಲಿ ಹೂಗೈಗಿಂತ ಚಿಕ್ಕವಳಾದರೂ ಬೀದಿಗೆಲ್ಲ ಅಕ್ಕ. ಮೊದಲು ಹಾಡು ಗುನುಗದೆ ಒಂದು ಬಟ್ಟೆ ಹಿಂಡಿದವಳಲ್ಲ. ಈಗ ಹರಿದ ಕಾಗದದಂಥ ಪಿಸುದನಿ.

ಕಾರ್ಖಾನೆಯವರು ಒಂದು ಮಾತು ಹೇಳಿದರು. ಹೊಗೆ ಬಾರದ ಜಾಗವೆಂದರೆ ಮಾದರಿ ಕೋಣೆ ಒಂದೇ. ಬಟ್ಟೆಯ ತುಂಡುಗಳನ್ನು ರಟ್ಟಿಗೆ ಅಂಟಿಸುವ ಕೆಲಸ, ದೊಡ್ಡ ಕಿಟಕಿ, ಕೂರಲು ಕುರ್ಚಿ. ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ಆಸ್ಪತ್ರೆಯ ಹಾಳೆಯಲ್ಲಿ ಯಾರ ಗಂಟಲು ಹೆಚ್ಚು ಮಂದವಾಗಿದೆಯೋ ಅವರಿಗೆ ಅದು. ಇನ್ನೊಬ್ಬರು ಹಳೆಯ ಜಾಗಕ್ಕೇ ಮರಳಬೇಕು.

ಮನೆಯವರನ್ನು ತಾನೇ ಪರೀಕ್ಷಿಸಬಾರದೆಂದು ಹೂಗೈಗೆ ಗೊತ್ತಿತ್ತು. ಆದರೆ ಎಳೆ ಹಿಡಿಯಬಲ್ಲ ಇನ್ನೊಬ್ಬಳು ಹೆರಿಗೆಗೆ ಹೋಗಿದ್ದಳು. "ಪರದೆ ನಾನು ನೋಡ್ತೀನಿ, ನೀವು ಎಳೆ ಹಿಡೀರಿ, ಆಯ್ತಲ್ಲ" ಎಂದರು ಡಾಕ್ಟರಮ್ಮ. ಶುರುವಾಗುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಾರಿಗೋ ಉಸಿರು ಕಟ್ಟಿ ಅವರು ಅತ್ತ ಓಡಿದರು.

ಮೊದಲು ಬಣ್ಣದಕ್ಕ. ಒಂದು, ಎರಡು, ಮೂರನೇ ಎಳೆಗೆ ಏನೂ ಇಲ್ಲ. ನಾಲ್ಕನೆಯದಕ್ಕೆ ನೀಲಿ ಬೆರಳು ಎದ್ದಿತು. ಹುಸಿಯಾಗಿ ಮುಟ್ಟಿದಾಗ ಏಳಲಿಲ್ಲ. ನೇರ ಮನುಷ್ಯಳ ನೇರ ಬೆರಳು.

ಆಮೇಲೆ ಗಂಡ. ಅವನ ಮೂಗಿಗೆ ಹನಿ ಹಾಕಿದಳು. ಒಂದನೇ ಎಳೆಗೆ ಬೆರಳು ಏಳಲಿಲ್ಲ. ಎರಡನೆಯದು ತಾಗಿದಾಗಲೂ ಏಳಲಿಲ್ಲ. ಆದರೆ ಪರದೆಯ ಮೇಲೆ ಅವನ ಸ್ವರತಂತುಗಳೆರಡೂ ಥಟ್ಟನೆ ಕೂಡಿ ಮುಚ್ಚಿಕೊಂಡವು, ಬೆಚ್ಚಿಬಿದ್ದವರು ಕಣ್ಣು ಮುಚ್ಚಿದ ಹಾಗೆ. ಒಳಗೆ ಸ್ಪರ್ಶ ಮುಟ್ಟಿದೆ ಅನ್ನುವುದಕ್ಕೆ ಗಂಟಲು ತಾನಾಗಿ ಕೊಡುವ ಗುರುತು ಅದು. ಅದನ್ನು ಮಾತ್ರ ಅವಳು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಕಥೆಗೆ ಅದರಲ್ಲಿ ಸ್ವಾರಸ್ಯವಿರಲಿಲ್ಲ, ಅಷ್ಟೇ.

‘ಉಗುಳು ನುಂಗಿರಬೇಕು’ ಅಂದುಕೊಂಡಳು. ಅವನ ಬೆರಳು ಎದ್ದದ್ದು ಆರನೆಯದಕ್ಕೆ. ಹಾಳೆಯಲ್ಲಿ ‘ಆರು’ ಎಂದು ಬರೆದಳು. ಗಂಟಲಿನ ಗುರುತು ಎಂಬ ಜಾಗದಲ್ಲಿ ಪೆನ್ನು ಕ್ಷಣ ನಿಂತಿತು. ‘ಸ್ಪಷ್ಟವಿಲ್ಲ’ ಎಂದು ಬರೆದಳು.

ಮಾದರಿ ಕೋಣೆ ಕಹಳೆಗೆ ಸಿಕ್ಕಿತು. ಬಣ್ಣದಕ್ಕ ತೊಟ್ಟಿಯ ಬಳಿಗೆ ಮರಳಿದಳು.

ನಾಲ್ಕೈದು ವಾರವಾದ ಮೇಲೆ ಅವಳು ಹೂಗೈಯ ಬಾಗಿಲಿಗೆ ಬಂದಳು. ನಿಂತಲ್ಲೇ ಒಂದು ಲೋಟ ನೀರು ಕೇಳಿ, ಕುಡಿದು, ನೆತ್ತಿಗೇರಿ, ಕಣ್ಣಲ್ಲಿ ನೀರು ಸುರಿಯುವಷ್ಟು ಕೆಮ್ಮಿದಳು.

"ಅಕ್ಕಾ, ಇನ್ನೊಂದ್ಸಲ ನೋಡೋಕಾಗಲ್ವಾ? ತೊಟ್ಟಿ ಹತ್ರ ನಿಂತ್ರೆ ಒಳಗೆ ಕೆಂಡ ಇಟ್ಟ ಹಾಗಾಗುತ್ತೆ. ನೆನ್ನೆ ಉಸಿರೇ ನಿಂತುಹೋಯ್ತು ಅನ್ಕೊಂಡೆ."

"ನಿಂದು ನಾಲ್ಕು ಕಣೇ, ಅವರದ್ದು ಆರು. ನಾನೇನು ಮಾಡ್ಲಿ ಹೇಳು? ಹಾಳೆ ಹೇಳಿದ್ದು ಅದು."

"ಹಾಳೆ ನೀವೇ ಬರೆದಿದ್ದಲ್ವಾ, ಅಕ್ಕಾ" ಎಂದಳು ಬಣ್ಣದಕ್ಕ. ಚುಚ್ಚಿ ಹೇಳಿದ ಮಾತಲ್ಲ. ಸುಮ್ಮನೆ ಹೇಳಿದ್ದು. ಲೋಟ ತೊಳೆದಿಟ್ಟು ಹೋದಳು.

ಏಳನೇ ತಿಂಗಳ ಒಂದು ಸಂಜೆ. ಅರೆದ ಊಟ ತಟ್ಟೆಯಲ್ಲಿ, ಕಹಳೆ ಗೋಡೆಗೆ ಒರಗಿದ್ದಾನೆ. ತುತ್ತು ಬಾಯಿಗಿಟ್ಟ. ನುಂಗುವ ಮುಂಚೆ ಎಡಗೈ ಎತ್ತಿ ಎಡಗಿವಿಯನ್ನು ಒತ್ತಿ ಹಿಡಿದ. ನುಂಗಿದ. ಕೈ ತೆಗೆದ.

ಹೂಗೈ ಅವನ ಹತ್ತಿರಕ್ಕೆ ಸರಿದಳು. "ರೀ, ಕಿವಿಗೂ ಬಂತಾ ನೋವು?" ಎಂದಳು. ಅವನು ಸ್ಲೇಟು ಎಳೆದುಕೊಂಡು ಬರೆದ: ‘ಹೀಗೆ ಒತ್ತಿದರೆ ಒಳಗೆ ಇಳಿಯುತ್ತೆ.’

ಸೌಟು ತೊಳೆಯುವಾಗ ಅವಳ ಕೈ ತಾನಾಗಿ ನಿಂತಿತು. ಬಾಗಿಲ ಚಿಲಕ ಹಾಕಿದ ಹಾಗೆ. ಎಡಗಿವಿ. ಡೊಳ್ಳುಹೊಟ್ಟೆಯ ಮೇಷ್ಟ್ರು. ಈ ಲೋಕದಲ್ಲಿ ಎಡಗಿವಿ ಒತ್ತಿ ನುಂಗಿದವನು ಒಬ್ಬನೂ ಇಲ್ಲ. ಇದೇ ಒಲೆಯ ಮುಂದೆ, ಅತ್ತೆಯನ್ನು ನಗಿಸಲೆಂದು ತಾನು ಹೆತ್ತ ಮನುಷ್ಯ ಅವನು. ಆ ಕಾಯಿಲೆ ಇವರಿಗೆ ಹೇಗೆ ಬಂತು?

ಒಂದು ಎಳೆ ಹಿಡಿದು ಜಗ್ಗಿದರೆ ಬಟ್ಟೆ ಬಿಚ್ಚುವ ಹಾಗೆ ಉಳಿದದ್ದೂ ಬಿಚ್ಚಿಕೊಂಡಿತು. ಗದ್ದ ಎದೆಗೆ ಒತ್ತಿ ಎರಡು ಸಲ ನುಂಗುವುದು ತನ್ನ ಕಥೆಯ ದರ್ಜಿ ಹೆಂಗಸಿನದು. ನೀರು ಕುಡಿದು ಸ್ವಲ್ಪ ತಡೆದು ಕೆಮ್ಮುವುದು ಕಾವಲುಗಾರನದು. ಬೆರಳನ್ನು ಅರ್ಧ ಎತ್ತಿ ಇಳಿಸುವುದು ಆ ಕಾಲೇಜು ಹುಡುಗಿಯದು. ಎಲ್ಲವೂ ತಾನು ಹೇಳಿದ್ದು. ಇವಳ ಬಾಯಿಂದ ಹೋದದ್ದೆಲ್ಲ ಅವನ ಮೈಮೇಲೆ ಬಂದು ಕೂತಿತ್ತು.

ಆದರೂ ಮನಸ್ಸು ಒಪ್ಪಬೇಕಲ್ಲ. ನೋವಲ್ಲಿದ್ದವರು ಎಲ್ಲೋ ಕೇಳಿದ್ದನ್ನು ಮಾಡಿ ನೋಡುವುದುಂಟು. ಗಂಟಲು ಸರಿಯಿದ್ದೂ ಮಾತು ಹೊರಡದವರು ನಿಜವಾಗಿ ಇದ್ದಾರೆ. ಅಂಥವರನ್ನು ಸುಳ್ಳರೆಂದು ಕರೆದವರ ಮೇಲೆ ಆಸ್ಪತ್ರೆಯಲ್ಲಿ ಅವಳೇ ರೇಗಿದ್ದಳು. ಹಾಗಾಗಿ ಮರುದಿನ ಸಂಜೆ ಅವನು ‘ಇವತ್ತು ಯಾರು ಬಂದಿದ್ದರು?’ ಎಂದು ಬರೆದಾಗ, ಅವಳು ಒಲೆಯ ಮುಂದೆ ಎಂದಿನಂತೆ ಕೂತು ಒಂದು ಕಥೆ ಕಟ್ಟಿದಳು.

"ಇವತ್ತು ಒಬ್ಬ ಬಡಗಿ ಬಂದಿದ್ದ. ನಮ್ಮ ಡಾಕ್ಟರಮ್ಮ ಏನ್ ಹೇಳಿದ್ರು ಗೊತ್ತಾ? ಗಂಟಲು ನಿಜವಾಗ್ಲೂ ಜೋಮು ಹಿಡಿದವರನ್ನ ಎಳೆ ಹಾಕಿ ನೋಡೋದೇ ಬೇಡವಂತೆ. ನೀರು ಕುಡಿಸಿ ಕಾಲು ನೋಡಿದ್ರೆ ಸಾಕಂತೆ. ನುಂಗೋವಾಗ ಹಿಮ್ಮಡಿ ತಾನಾಗಿ ಮೇಲಕ್ಕೆ ಏಳುತ್ತಂತೆ!"

ಅತ್ತೆ ನಕ್ಕರು. "ಗಂಟಲಿಗೂ ಹಿಮ್ಮಡಿಗೂ ಏನೇ ನಂಟು?"

"ಅದೇ ನಾನೂ ಕೇಳಿದೆ ಅತ್ತೆ. ಒಳಗೊಳಗೇ ಒಂದು ನರ ಇದೆಯಂತೆ."

ಗಂಡ ಮುಗುಳ್ನಕ್ಕ. ಸ್ಲೇಟು ಒರೆಸಿದ. ಅವಳು ಅವತ್ತು ಮನಸ್ಸಿನಲ್ಲೇ ಬೇಡಿಕೊಂಡದ್ದು ಒಂದೇ: ಈ ಕಥೆ ಇವರಿಗೆ ಮರೆತುಹೋಗಲಿ.

ಐದನೇ ದಿನ ಮರುಪರೀಕ್ಷೆ. ಡಾಕ್ಟರಮ್ಮನೇ ಲೋಟ ಕೊಟ್ಟರು. "ಒಂದು ಗುಟುಕು ಕುಡೀರಿ, ನೋಡೋಣ." ಕಹಳೆ ಕುರ್ಚಿಯಲ್ಲಿ ನೆಟ್ಟಗೆ ಕೂತ. ಗದ್ದ ಇಳಿಸಿದ. ಕುಡಿದ. ಕುರ್ಚಿಯ ಕೆಳಗೆ ಅವನ ಎರಡು ಹಿಮ್ಮಡಿಗಳೂ ಚಪ್ಪಲಿ ಬಿಟ್ಟು ಮೆಲ್ಲಗೆ ಮೇಲೆದ್ದವು. ನುಂಗಿದ ಮೇಲೆ ಮೆಲ್ಲಗೆ ಇಳಿದವು.

ಬೇರೆ ಯಾರಾದರೂ ನೋಡಿದ್ದರೆ ನಗು ಬರುತ್ತಿತ್ತು. ಅಷ್ಟು ಶ್ರದ್ಧೆಯಿಂದ ಮಾಡಿದ್ದ.

ಡಾಕ್ಟರಮ್ಮ ಕೈ ತೊಳೆಯಲು ಒಳಗೆ ಹೋದರು. ಹೂಗೈ ಅವನ ಪಾದಗಳನ್ನೇ ನೋಡುತ್ತ ನಿಂತಿದ್ದಳು. ಅವನು ಅವಳ ಮುಖ ನೋಡಿದ, ಅವಳು ನೋಡುತ್ತಿದ್ದ ಕಡೆ ನೋಡಿದ. ಅರ್ಥವಾಯಿತು. ಬಾಯಿ ತೆರೆದ. ಏಳು ತಿಂಗಳಿಂದ ಅವಳು ಬರಲೆಂದು ಕಾದಿದ್ದ ಸ್ವರ, ಒಂದು ಗೀರೂ ಇಲ್ಲದೆ, ತಗ್ಗಿ, ತುಂಬಿ ಬಂತು.

"ಯಾರಿಗೂ ಹೇಳ್ಬೇಡ ಕಣೇ."

ಸ್ವರ ಮರಳಿದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದಾಯಿತು.

ಅವಳು ಎಳೆಗಳ ಡಬ್ಬಿ ತೆರೆದಳು. ಡಾಕ್ಟರಮ್ಮ ಬಂದಾಗ, "ಇವತ್ತು ಪರದೆ ಬಿಟ್ಟು ಏಳಬೇಡಿ, ಡಾಕ್ಟರ್" ಎಂದಳು. ಗಂಡನಿಗೆ, ಯಾವ ರೋಗಿಗೂ ಹೇಳುವ ಹಾಗೆ, "ಗೊತ್ತಾದಾಗ ಬೆರಳು ಎತ್ತಿ" ಎಂದಳು. ಒಂದನೇ ಎಳೆ, ಹಸುಳೆಯ ಕೂದಲಿನಂಥದ್ದು, ಅವಳ ಕೈಯಲ್ಲಿ ಒಂದಿಷ್ಟೂ ನಡುಗದೆ ಇಳಿಯಿತು. ತಾಗಿತು. ತಂತುಗಳು ಥಟ್ಟನೆ ಮುಚ್ಚಿದವು. ಬೆರಳು ಏಳಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಇವಳು ಬರೆದುಕೊಡುತ್ತಾಳೆ ಎಂಬ ಧೈರ್ಯ ಆ ಬೆರಳಿನಲ್ಲಿತ್ತು.

"ಹೋದ ಸಲ ‘ಸ್ಪಷ್ಟವಿಲ್ಲ’ ಅಂತ ಬರೆದಿದ್ರಿ" ಎಂದರು ಡಾಕ್ಟರಮ್ಮ, ಹಳೆಯ ಹಾಳೆ ತಿರುವುತ್ತ.

"ಸ್ಪಷ್ಟವಾಗೇ ಇತ್ತು. ನಾನು ನೋಡಿದ್ದೆ. ಬರೀಲಿಲ್ಲ."

"ಇಷ್ಟರ ಮೇಲೇ ಒಬ್ಬರನ್ನ ಸುಳ್ಳರು ಅನ್ನೋಕಾಗಲ್ಲ. ನಿಮಗೂ ಗೊತ್ತು."

"ಗೊತ್ತು ಡಾಕ್ಟರ್. ಎಳೆ ನೋಡಿ ನಾನು ಹೇಳ್ತಿಲ್ಲ" ಎಂದಳು ಹೂಗೈ. ಆಮೇಲೆ ಎಡಗಿವಿಯಿಂದ ಹಿಮ್ಮಡಿಯವರೆಗೆ ಎಲ್ಲವನ್ನೂ ಹೇಳಿದಳು. ರೋಗಿಗಳ ಕಥೆ ಮನೆಗೆ ಒಯ್ದದ್ದನ್ನೂ ಬಿಡಲಿಲ್ಲ. ಅವನು ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಕೇಳಿಸಿಕೊಂಡ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಮಗನ ಮುಖ ನೋಡಿ, "ಗೊತ್ತಾಗಿಹೋಯ್ತಾ?" ಎಂದರು.

ಹೂಗೈ ಹೊಸ್ತಿಲ ಮೇಲೆ ನಿಂತಳು. "ನಿಮಗೂ ಗೊತ್ತಿತ್ತಾ, ಅತ್ತೆ?"

"ಹನ್ನೊಂದನೇ ದಿನಕ್ಕೇ ಬಂತು ಕಣೇ ಸ್ವರ. ನೀನು ಆಸ್ಪತ್ರೆಗೆ ಹೋಗಿದ್ದೆ. ‘ಅಮ್ಮಾ’ ಅಂದ. ನಾನು ಕುಣಿದಾಡಿಬಿಟ್ಟೆ. ನಿಂಗೆ ಹೇಳೋಣ ಅಂದ್ರೆ ಬೇಡ ಅಂದ."

"ನಾನಿಲ್ಲದಾಗ ನಿಮ್ಮ ಜೊತೆ ಮಾತಾಡ್ತಿದ್ರು."

"ನನ್ನ ಮಗ ಕಣೇ ಅವನು. ಏನ್ ಮಾಡ್ಲಿ?"

ಏಳು ತಿಂಗಳು ಅತ್ತೆ ಪಕ್ಕದಲ್ಲೇ ಕೂತು, ಇವಳು ನೀರು ಗಟ್ಟಿ ಮಾಡುವುದನ್ನು, ಚಮಚ ಒರೆಸುವುದನ್ನು, ಕಣ್ಣು ಒರೆಸಿಕೊಳ್ಳುವುದನ್ನು ನೋಡಿದ್ದರು. ಇವಳು ಹೊರಟ ಮೇಲೆ ತಾಯಿ ಮಗ ಕೂತು ಬಿಸಿ ಚಹಾ ಕುಡಿದಿದ್ದರು.

ಕಹಳೆ ಗೋಡೆಗೆ ಒರಗಿ ಕೂತ. ಸ್ಲೇಟು ತೊಡೆಯ ಮೇಲಿತ್ತು. ಅದನ್ನು ಪಕ್ಕಕ್ಕಿಟ್ಟು ಮಾತಾಡಿದ.

"ಸಾಕಾಗಿತ್ತು ಕಣೇ. ಇಪ್ಪತ್ತೆರಡು ವರ್ಷ ಕೂಗಿದೀನಿ. ಕಹಳೆ ಕಹಳೆ ಅಂತ ಎಲ್ರೂ ಬೆನ್ನು ತಟ್ಟೋರು. ಸುಸ್ತಾಯ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ. ಸ್ವರ ಹೋದಾಗ ಹತ್ತು ದಿನ ಎಷ್ಟು ನೆಮ್ಮದಿ ಇತ್ತು ಗೊತ್ತಾ? ಆ ಕಿಟಕಿ, ಆ ಕುರ್ಚಿ..."

"ನಂಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಸುಳ್ಳು ಬರೀತಿದ್ಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ."

ಅವಳು ಆ ಸ್ಲೇಟನ್ನು ಕೈಗೆತ್ತಿಕೊಂಡಳು: "ದಿನಾ ಸಂಜೆ ‘ನೀನು ಹೇಳು, ಯಾರು ಬಂದಿದ್ರು’ ಅಂತ ಬರೀತಿದ್ರಲ್ಲ. ನನ್ನ ಮಾತು ಕೇಳೋಕೆ ಆಸೆ ಅಂತ ಅನ್ಕೊಂಡಿದ್ದೆ ನಾನು. ನೀವು ಪಾಠ ಕಲೀತಿದ್ರಿ."

ಅವನು ಬಳಪವನ್ನೂ ಅವಳ ಕಡೆ ಸರಿಸಿದ.

ಮರುದಿನ ಬೆಳಿಗ್ಗೆ ಹೂಗೈ ಎರಡು ಮನೆ ದಾಟಿ ಬಣ್ಣದಕ್ಕನ ಬಾಗಿಲಿಗೆ ಹೋದಳು. ನಿಂತೇ ಹೇಳಿದಳು, ಒಂದೇ ಉಸಿರಿನಲ್ಲಿ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ. ತನ್ನ ಜೀವನದಲ್ಲಿ ಬಣ್ಣ ಕಟ್ಟದೆ ಹೇಳಿದ ಮೊದಲ ಕಥೆ ಅದಾಗಿತ್ತೇನೋ.

ಬಣ್ಣದಕ್ಕ ನೀಲಿ ಕೈಗಳನ್ನು ಮಡಿಲಲ್ಲಿಟ್ಟು ಕೇಳಿದಳು. "ಅವರು ಮಾಡಿದ್ದು ಬಿಡಿ" ಎಂದಳು ಕಡೆಗೆ, ಪಿಸುದನಿಯಲ್ಲಿ. "ಅವತ್ತು ನಾನು ನೀರು ಕುಡಿದು ಕೆಮ್ಮಿದ್ನಲ್ಲ ನಿಮ್ಮ ಬಾಗಿಲಲ್ಲಿ. ಅದನ್ನ ನೋಡಿನೂ ನಿಮಗೆ ಅನುಮಾನ ಬರಲಿಲ್ವಾ, ಅಕ್ಕಾ?"

"ಬಂದಿತ್ತು" ಎಂದಳು ಹೂಗೈ.

ಬಣ್ಣದಕ್ಕ ತಲೆಯಾಡಿಸಿದಳು. ಕೂತ್ಕೊಳ್ಳಿ ಎನ್ನಲಿಲ್ಲ. ಬೀದಿಯವರಿಗೆ ಹೇಳುತ್ತೇನೆ ಎಂದೂ ಅನ್ನಲಿಲ್ಲ, ಹೇಳಲೂ ಇಲ್ಲ.

ಆಸ್ಪತ್ರೆಯಿಂದ ಕಾರ್ಖಾನೆಗೆ ಹೊಸ ಹಾಳೆ ಹೋಯಿತು. ಮೂರು ವಾರದ ಮೇಲೆ ಬಣ್ಣದಕ್ಕ ಮಾದರಿ ಕೋಣೆಯ ಕಿಟಕಿಯ ಬಳಿ ಕೂತಳು. ಕಹಳೆಗೆ ಕಬ್ಬಿಣದ ಮೆಟ್ಟಿಲು ಮರಳಿ ಸಿಕ್ಕಲಿಲ್ಲ. ಅಲ್ಲಿ ಆಗಲೇ ಬೇರೊಬ್ಬ ಕೂಗುತ್ತಿದ್ದ. ಇವನಿಗೆ ಗೋದಾಮಿನಲ್ಲಿ ಗಂಟು ಹೊರುವ ಕೆಲಸ ಕೊಟ್ಟರು. ಬೀದಿಯಲ್ಲಿ ಮಾತ್ರ ಅವನು ಇನ್ನೂ ಸ್ಲೇಟು ಹಿಡಿದೇ ನಡೆಯುತ್ತಿದ್ದ. ಯಾವ ಮುಖ ಇಟ್ಟುಕೊಂಡು ಬಾಯಿ ತೆರೆಯುವುದು? ಹೂಗೈಗೆ ಆರು ತಿಂಗಳು ಎಳೆ ಮುಟ್ಟುವ ಹಾಗಿಲ್ಲ ಎಂದಾಯಿತು. ಕೊಳವೆ ತೊಳೆದು ಒರೆಸಿ ಇಡುವ ಕೆಲಸ. "ನಿಮ್ಮ ಕೈ ತಪ್ಪು ಮಾಡಲಿಲ್ಲ, ಕಣ್ಣು ತಪ್ಪಿತು" ಎಂದಿದ್ದರು ಡಾಕ್ಟರಮ್ಮ. ಆದರೆ ಆಸ್ಪತ್ರೆಯ ಕೆಲಸಗಾರರ ವಸತಿಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಬೀಗದ ಕೈಯನ್ನೂ ಅವರೇ ಕೊಟ್ಟರು.

ರಜೆಯ ದಿನ, ಮಧ್ಯಾಹ್ನ ಮೂರು ಗಂಟೆ. ಹೂಗೈ ತನ್ನ ಸೀರೆಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟಳು. ನೀರು ಗಟ್ಟಿ ಮಾಡುವ ಪುಡಿ ಅರ್ಧ ಡಬ್ಬಿ ಉಳಿದಿತ್ತು. ಆಸ್ಪತ್ರೆಯದು, ಅದನ್ನೂ ಇಟ್ಟುಕೊಂಡಳು. ಅಡುಗೆಮನೆಯ ಕಟ್ಟೆ ಒರೆಸಿದಳು. ಅತ್ತೆ ಮೂಲೆಯಲ್ಲಿ ಕೂತು, "ಇಷ್ಟಕ್ಕೇ ಮನೆ ಬಿಡ್ತಾರೇನೇ? ಹೊಡೆದ್ನಾ, ಬೈದ್ನಾ? ಸುಮ್ಮನಿದ್ದ, ಅಷ್ಟೇ ತಾನೇ?" ಎಂದರು.

"ಹೌದು ಅತ್ತೆ. ಸುಮ್ಮನಿದ್ರು" ಎಂದಳು ಹೂಗೈ. ಬಗ್ಗಿ ಅವರ ಮಂಡಿಯ ಮೇಲೆ ಜಾರಿದ್ದ ಹೊದಿಕೆ ಸರಿಮಾಡಿದಳು. ಆ ಕೈಗೆ ಒರಟಾಗಿರುವುದು ಗೊತ್ತೇ ಇರಲಿಲ್ಲ.

ಕಹಳೆ ಗೋಡೆಗೆ ಒರಗಿ ಕೂತಿದ್ದ. ಅವಳು ಪೆಟ್ಟಿಗೆ ಎತ್ತಿ ಹೊಸ್ತಿಲು ದಾಟಿ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು. ಒಂದು ಮನೆ, ಎರಡು ಮನೆ, ಐದು ಮನೆ ದಾಟಿದಳು. ಆಗ ಹಿಂದೆ ಬಾಗಿಲು ದಢಾರನೆ ತೆರೆದುಕೊಂಡಿತು.

"ಏ ಇವಳೇ!"

ಇಡೀ ಬೀದಿ ನಡುಗಿತು. ಎಂಟು ತಿಂಗಳ ಮೇಲೆ, ಹದಿಮೂರು ಮನೆಗೂ ಕೇಳುವ ಹಾಗೆ, ಅದೇ ಕೂಗು.

ಬಾಗಿಲುಗಳು ಒಂದೊಂದಾಗಿ ತೆರೆದವು. "ಅಯ್ಯೋ, ಕಹಳೆಗೆ ಸ್ವರ ಬಂತು ಕಣ್ರೇ!" "ಬನ್ರೇ ಕೇಳ್ರೇ!" ಎದುರುಮನೆಯ ಮುದುಕಿ ಕೋಲೂರಿಕೊಂಡು ಹೊರಗೆ ಬಂದು, ದೂರ ಹೋಗುತ್ತಿದ್ದ ಹೂಗೈಯನ್ನು ನೋಡಿ ಕೂಗಿದಳು: "ಏ ಹೂಗೈ, ನಿನ್ನ ಗಂಡನಿಗೆ ಮಾತು ಬಂತಲ್ಲೇ! ನಿನ್ನ ಸೇವೆ ಸಾರ್ಥಕ ಆಯ್ತು ಕಣೇ ತಾಯಿ!" ಒಬ್ಬಳು ಓಡಿಬಂದು ಹೂಗೈಯ ಕೈ ಹಿಡಿದುಕೊಂಡಳು. ಇನ್ನೊಬ್ಬಳು ಪೆಟ್ಟಿಗೆ ನೋಡಿ, "ಎಲ್ಲಿಗೆ ಹೊರಟ್ಯೇ ಇಂಥ ಹೊತ್ತಲ್ಲಿ?" ಎಂದಳು.

ಬಣ್ಣದಕ್ಕ ತನ್ನ ಬಾಗಿಲ ಚೌಕಟ್ಟಿಗೆ ನೀಲಿ ಕೈ ಊರಿ ನಿಂತಿದ್ದಳು. ಅವಳೊಬ್ಬಳೇ ಕಹಳೆಯ ಕಡೆ ನೋಡುತ್ತಿರಲಿಲ್ಲ.

"ಏ ಇವಳೇ! ಬಾರೇ!" ಎಂದು ಅವನು ಮತ್ತೆ ಕೂಗಿದ.

ಹೂಗೈ ಹಿಡಿದಿದ್ದವಳ ಬೆರಳುಗಳಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಬಿಡಿಸಿಕೊಂಡದ್ದು ಅವಳಿಗೆ ಗೊತ್ತೇ ಆಗದಷ್ಟು ಮೆಲ್ಲಗೆ. ಪೆಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಯಾರ ಮನೆಯಲ್ಲೋ, ಮೂರು ಗಂಟೆಯ ಬಿಸಿಲಲ್ಲಿ, ಅಭ್ಯಾಸಬಲದಿಂದ ಒಲೆ ಹಚ್ಚಿದ ಸದ್ದಾಯಿತು. ಅವಳು ಅವನು ದಿನವೂ ನಿಂತು ಕೂಗುತ್ತಿದ್ದ ತಿರುವಿಗೆ ಬಂದು, ನಿಲ್ಲದೆ, ಆಚೆಗೆ ತಿರುಗಿದಳು.